ಬಿದ್ದದ್ದು

"ಬಿದ್ದದ್ದು ಡಾಕ್ಟ್ರೇ" ಎಂದಳು ವಾರಿಜ.
ಮಡಿಲಲ್ಲಿ ಹನ್ನೊಂದು ತಿಂಗಳು,
ಗದ್ದದಡಿ ಅರ್ಧ ಇಂಚು ಸೀಳು, ಜೊಲ್ಲಿಗೆ ತುಸು ಕೆಂಪು.
ಬದಿಯಡ್ಕದ ಆಚೆಯಿಂದ ಎರಡು ಬಸ್ಸು ಹಿಡಿದು
ಕಾಸರಗೋಡಿಗೆ ಬಂದವರು.
ಅವಳ ಬೆರಳ ತುದಿಯಲ್ಲಿ ಬೀಡಿ ಎಲೆಯ ಘಾಟು.

ನಮ್ಮ ಭಾಷೆಯಲ್ಲಿ ಇದೊಂದು ಅನುಕೂಲ:
ಬಿತ್ತು ಎಂದರೆ ಸಾಕು,
ಬೀಳಿಸಿದವರು ಬೇಕಾಗಿಲ್ಲ.
ಕೈ ಜಾರಿತು ಎಂದರೆ
ಕೈ ಯಾರದೆಂದು ಕೇಳುವವರಿಲ್ಲ.
ತುಳುವಿನಲ್ಲೂ ಅಷ್ಟೇ, ಬೂರುಂಡು.
ಸಿಸ್ಟರ್ ಪ್ರಸೀದಾ ಮಲಯಾಳದಲ್ಲಿ ಬರೆದುಕೊಂಡಳು, ವೀಣು.
ಮೂರು ಭಾಷೆಯಲ್ಲಿ ಬಿದ್ದ ಮಗು
ಒಂದರಲ್ಲೂ ಯಾರ ಕೈಯಿಂದಲೂ ಬಿದ್ದಿರಲಿಲ್ಲ.

ಮೊದಲು ಉಸಿರು. ಆಮೇಲೆ ಕತ್ತು, ನೆತ್ತಿ.
ನೆತ್ತಿಯ ಮೆತ್ತನೆ ಜಾಗ ಉಬ್ಬಿಲ್ಲ.
ಕಣ್ಣು ಟಾರ್ಚಿನ ಹಿಂದೆ ಹೋಗುತ್ತದೆ.
ಗದ್ದ ಬಡಿದರೆ ಕಿವಿಯ ಮುಂದಿನ ಕೀಲೂ ಮುರಿದಿರಬಹುದು,
ಒತ್ತಿ ನೋಡಿದೆ; ಅಲ್ಲಿ ಅಳು ಹೆಚ್ಚಲಿಲ್ಲ.
ಕೆಳದವಡೆಯ ಅಂಚನ್ನು ಕಿರುಬೆರಳಲ್ಲಿ ಸವರಿದೆ,
ಮೊರದ ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.
ನಡುವಲ್ಲೊಂದು ಮೆಟ್ಟಿಲು.
ಇದ್ದದ್ದೇ ಎರಡು ಹಲ್ಲು, ಒಂದು ಮೇಲೆ, ಒಂದು ಕೆಳಗೆ.

ದವಡೆ ಎರಡು ತುಂಡಾಗಿಯೇ ಹುಟ್ಟುತ್ತದೆ,
ವರುಷ ತುಂಬುವುದರೊಳಗೆ ನಡುವೆ ಬೆಸೆಯುತ್ತದೆ.
ಇದು ಬೆಸುಗೆ ಆರುವ ಮುಂಚೆ.

ಅಂಗಿ ಬಿಚ್ಚಿ ಎಂದೆ.
ಬೆನ್ನು, ಪಕ್ಕೆ, ಕಿವಿಯ ಹಿಂದೆ, ತೊಡೆಯ ಒಳಮೈ.
ಹಳದಿಗೆ ತಿರುಗಿದ ಹಳೆಯ ಕಲೆ, ಬೆರಳಚ್ಚು,
ಬೀಡಿ ಸುಟ್ಟ ಬೊಟ್ಟು,
ಯಾವುದೂ ಇಲ್ಲ.
ನೋಡಲು ನಾಚಿಕೆ,
ನೋಡದೆ ಬಿಟ್ಟರೆ ಅದಕ್ಕಿಂತ ದೊಡ್ಡದು.
ಏನು ಹುಡುಕುತ್ತಿದ್ದೇನೆಂದು ವಾರಿಜಳಿಗೆ ಗೊತ್ತಾಯಿತು.
ಬಾಗಿಲಲ್ಲಿ ನಿಂತ ಗಂಡ ಕೈಗಳನ್ನು ಬೆನ್ನ ಹಿಂದೆ ಸರಿಸಿದ,
ಕೆಂಪುಕಲ್ಲಿನ ಕೋರೆಯ ಕೈಗಳು.
ಅದನ್ನೂ ಬರೆದುಕೊಂಡೆ. ಬರೆಯುವುದನ್ನು ಅವನು ನೋಡಿದ.

"ಎಷ್ಟು ಎತ್ತರದಿಂದ?"
ವಾರಿಜ ಮೊಣಕಾಲು ತೋರಿಸಿದಳು,
ಅವನು ಸೊಂಟ.
ಎರಡರ ನಡುವೆ ಎಲ್ಲೋ
ಬೆಂಚಿನ ತುದಿಯಲ್ಲಿ ಕೂತಿದ್ದಳು ಹಿತಾಕ್ಷಿ,
ಒಂಬತ್ತು ವರ್ಷ, ಶಾಲೆಯ ಯುನಿಫಾರ್ಮು,
ಬಲ ಮೊಣಕೈಯ ಸಿಪ್ಪೆ ಎದ್ದಿತ್ತು.
ಅವಳ ಗಾಯಕ್ಕೆ ಔಷಧ ಹಚ್ಚಿದೆ. ಏನೂ ಕೇಳಲಿಲ್ಲ.
ಸ್ಪಿರಿಟ್ಟಿನ ಉರಿಗೆ ಅವಳೂ ಅಳಲಿಲ್ಲ.

ಪರದೆಯ ಮೇಲೆ ಸ್ಕ್ಯಾನು ಬಂದಾಗ
ಮೆಲ್ಲ ಹತ್ತಿರ ಬಂದಳು.
"ಒಳಗೆ ಬಿಳಿ ಬಿಳಿ ಎಂತದು?"
ಹಲ್ಲುಗಳು. ಇನ್ನೂ ಬಾರದವು.
"ಅವೂ ಒಡೆದವಾ?"
ಇಲ್ಲ ಎನ್ನುವ ಮೊದಲೇ
"ಸೊಂಟದಲ್ಲಿ ಇಟ್ಟು ಓಡಿದ್ದು ನಾನು,
ಬಸ್ಸು ತೋರಿಸ್ಲಿಕ್ಕೆ. ನಾನೇ ಬೀಳಿಸಿದ್ದು."

ಬೆಳಗಿನಿಂದ ಕರ್ತೃವಿಲ್ಲದೆ ಅಲೆದ ಕ್ರಿಯಾಪದ
ಬಂದು ಅಷ್ಟು ಸಣ್ಣ ಹೆಗಲ ಮೇಲೆ ಕೂತಿತು.
ಬಾಯಿ ಮುಚ್ಚಿಸಲು ಎದ್ದ ವಾರಿಜ
ಮಗಳ ತಲೆ ಮೇಲೆ ಕೈಯಿಟ್ಟು ಹಾಗೇ ನಿಂತಳು.

ತಗಡು ಬೇಡ, ಸ್ಕ್ರೂ ಬೇಡ,
ಎಲ್ಲಿ ಕೊರೆದರೂ ಒಂದು ಹಲ್ಲಿನ ಮೊಳಕೆ.
ಅರಿವಳಿಕೆಯವರು ಕಣ್ಣೂರಿನಿಂದ ಬರುವ ಗುರುವಾರ
ಅಚ್ಚು ತೆಗೆದು, ಅಕ್ರಿಲಿಕ್ಕಿನ ಟೊಪ್ಪಿ ಮಾಡಿ,
ದವಡೆಗೆ ತೊಡಿಸಿ, ಎಲುಬಿನ ಸುತ್ತ ತಂತಿ ಬಳಸಿ ಬಿಗಿದೆವು.
ಮೂರು ವಾರ ಗಂಜಿಯ ತಿಳಿ, ಚಮಚದಲ್ಲಿ ಹಾಲು.
"ನಮ್ಮ ಕಲ್ಲೂ ಹಾಗೇ" ಎಂದ ಗಂಡ, ಮೊದಲ ಸಲ ಮಾತಾಡಿ,
"ಕೋರೆಯಿಂದ ತೆಗೆವಾಗ ಮೆದು.
ಗಾಳಿ ತಾಗಿ ತಾಗಿ ಗಟ್ಟಿ ಆಗುವುದು."
ಅವನ ಕೈಗಳ ಕುರಿತು ಬರೆದ ಸಾಲು ಹೊಡೆದು ಹಾಕಿದೆ.
ಗೆರೆಯ ಕೆಳಗೆ ಅಕ್ಷರ ಈಗಲೂ ಓದಬಹುದು.

ತಂತಿ ಬಿಚ್ಚಿದ ದಿನ ಮಗು ನನ್ನ ಬೆರಳು ಕಚ್ಚಿತು,
ಎರಡು ಹಲ್ಲೂ ಒಂದೇ ಮಟ್ಟದಲ್ಲಿ.
ಅಕ್ಕ ಬಂದಿರಲಿಲ್ಲ.
"ಈಗ ಎತ್ತುವುದೇ ಇಲ್ಲ, ಇದು ಕೈ ಚಾಚಿದರೂ."
ಆರಾರು ತಿಂಗಳಿಗೊಮ್ಮೆ ತನ್ನಿ ಎಂದೆ,
ಹಲ್ಲೆಲ್ಲ ಬರುವ ತನಕ, ದವಡೆ ಬೆಳೆಯುವ ತನಕ.
ಚೀಟಿಯಲ್ಲಿ ಔಷಧಿಯ ಕೆಳಗೆ
ಕನ್ನಡದಲ್ಲಿ ಬರೆದೆ:
ಮುಂದಿನ ಸಲ ಅಕ್ಕನೇ ಎತ್ತಿಕೊಂಡು ಬರಲಿ.